ಪರೀಕ್ಷೆಯ ಪಾಠ

"ಆ ಹುಡುಗಿ ಇವತ್ತು ಬರಲ್ಲ ಕಣಮ್ಮ, ನಾನೇ ಬೇಡ ಅಂದೆ," ಎಂದು ಹೆಡ್‌ಮಾಸ್ಟರು ಹೊಸ ಮಿಸ್ಸನ್ನು ತರಗತಿಯ ಬಾಗಿಲಲ್ಲೇ ತಡೆದು ಪಿಸುಗುಟ್ಟಿದರು. "ಪರೀಕ್ಷಕರ ಮುಂದೆ ಅದು ತಡವರಿಸಿದ್ರೆ ನಿನ್ನ ಮಾರ್ಕೂ ಹೋಗತ್ತೆ, ನಮ್ಮ ಮಾನಾನೂ ಹೋಗತ್ತೆ."

"ಸರ್, ಈ ಪಾಠ ಇರೋದೇ ಅವಳಿಗೋಸ್ಕರ..."

"ಒಳಗೆ ನಡಿ. ಅವರು ಬಂದೇಬಿಟ್ರು."

ಶಿಕ್ಷಕ ತರಬೇತಿಗೆಂದು ಈ ಶಾಲೆಗೆ ಬಂದಾಗಿನಿಂದ ಹೊಸ ಮಿಸ್ ಆ ಕಣ್ಣು ಕಾಣದ ಹುಡುಗಿಯ ಬೆನ್ನಿಗೆ ನಿಂತಿದ್ದಳು. ರಟ್ಟಿನ ಮೇಲೆ ದಾರ ಅಂಟಿಸಿ ತ್ರಿಕೋನ ಮಾಡಿ, ಅದರ ಮೇಲೆ ಹುಡುಗಿಯ ಬೆರಳು ಓಡಾಡಿಸಿದ್ದಳು. "ಲೆಕ್ಕ ಅಂದ್ರೆ ಬರೀ ಕೇಳಿಸ್ಕೊಳ್ಳೋದು ಅಂದ್ಕೊಂಡಿದ್ದೆ ಮಿಸ್, ಮುಟ್ಟಬಹುದು ಅಂತ ಗೊತ್ತೇ ಇರ್ಲಿಲ್ಲ," ಎಂದಿದ್ದಳು ಅವಳು. ಮೊನ್ನೆಯಂತೂ ಎರಡು ಬದಿ ಸಮ ಇರುವ ತ್ರಿಕೋನವನ್ನು ತಡವುತ್ತಾ ತಡವುತ್ತಾ, "ಈ ಎರಡು ಮೂಲೇನೂ ಅವಳಿ ಜವಳಿ!" ಎಂದು ಕಿರುಚಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳಿಲ್ಲದೆ ಪಾಠ ಮಾಡಲಾರೆ ಎನ್ನಬಹುದಿತ್ತು. ಆದರೆ ಈ ಪಾಠದಲ್ಲಿ ನಪಾಸಾದರೆ ಇನ್ನೊಂದು ವರ್ಷ ಓದಬೇಕು. "ಇನ್ನೂ ಎಷ್ಟು ಓದ್ತೀಯಮ್ಮ" ಎಂದು ಮನೆಯಲ್ಲಿ ಅತ್ತೆ ಈಗಲೇ ಮುಖ ಗಂಟಿಕ್ಕುತ್ತಿದ್ದರು. ಮಿಸ್ ಒಳಗೆ ಹೋಗಿ ರಟ್ಟು ಹಂಚಿದಳು. ಕಣ್ಣಿದ್ದ ಮಕ್ಕಳು ಕಣ್ಣು ಮುಚ್ಚಿಕೊಂಡು ದಾರ ಸವರಿ, ಕಚಗುಳಿಯಿಟ್ಟಂತೆ ಕಿಸಿಕಿಸಿ ನಕ್ಕವು.

ಪರೀಕ್ಷಕರು ಹಿಗ್ಗಿಹೋದರು. "ಎಲ್ಲರನ್ನೂ ಒಳಗೊಳ್ಳೋ ಗಣಿತ ಪಾಠ ಅಂದ್ರೆ ಇದು! ಕಣ್ಣು ಕಾಣದ ಮಕ್ಕಳು ಯಾರಾದ್ರೂ ಇದ್ದಾರಾ ಈ ಕ್ಲಾಸಲ್ಲಿ?"

"ಒಬ್ಬಳಿದ್ದಾಳೆ ಸರ್. ಪಾಪ, ಇವತ್ತು ಜ್ವರ," ಎಂದರು ಹೆಡ್‌ಮಾಸ್ಟರು.

ಪರೀಕ್ಷಕರು ಮಿಸ್ ಕಡೆ ತಿರುಗಿದರು. ಅವಳು ಹೌದೆಂಬಂತೆ ತಲೆಯಾಡಿಸಿದಳು.

ಸಂಜೆ ಹುಡುಗಿಯ ಮನೆ ಹುಡುಕಿಕೊಂಡು ಹೋದಳು. ಹೊಲಿಗೆ ಮೆಷಿನ್ನಿನ ಮುಂದಿದ್ದ ತಾಯಿ ಏಳಲಿಲ್ಲ. "ಬೆಳಿಗ್ಗೆ ಕತ್ತಲಲ್ಲೇ ಎದ್ದು ಸ್ನಾನ ಮಾಡಿ ಕೂತಿತ್ತು. ಆಮೇಲೆ ಜವಾನ ಬಂದು ಹೇಳ್ದ. ಇನ್ಮೇಲೆ ಕಳಿಸಲ್ಲಮ್ಮ. ಬೇಡ ಅನ್ನಿಸ್ಕೊಳ್ಳೋಕೆ ಯಾಕೆ ಕಳಿಸ್ಲಿ?"

ಚಾಪೆಯ ಮೇಲಿದ್ದ ಹುಡುಗಿ ಹೆಜ್ಜೆ ಸದ್ದಾದ ಬಾಗಿಲ ಕಡೆ ಮುಖವೆತ್ತಿದಳು. "ಮಿಸ್, ನಾನು ತಪ್ಪು ಹೇಳ್ಬಿಡ್ತೀನಿ ಅಂತ ನೀವೇ ಬೇಡ ಅಂದ್ರಂತೆ?"

"ಯಾರು ಹೇಳಿದ್ದು ಹಾಗಂತ?"

"ಜವಾನ ಅಂಕಲ್. ನಂಗೇನೂ ಬೇಜಾರಿಲ್ಲ ಮಿಸ್. ಪಾಠ ಚೆನ್ನಾಗಾಯ್ತಾ?"

ಅಲ್ಲ ಪುಟ್ಟಿ, ನಾನು ಹಾಗೆ ಹೇಳಿಲ್ಲ ಎನ್ನಬೇಕೆಂದು ಮಿಸ್ ಬಾಯಿ ತೆರೆದಳು. ತಾನು ತಲೆಯಾಡಿಸಿದ್ದು ನೆನಪಾಯಿತು.

"ಆಯ್ತು," ಎಂದಳು.

"ಬನ್ನಿ, ಕೂತ್ಕೊಳ್ಳಿ ಮಿಸ್."

ಮೆಷಿನ್ ಮತ್ತೆ ಕಟಕಟ ಎನ್ನತೊಡಗಿತು. ಮಿಸ್ ಹೊಸ್ತಿಲಲ್ಲೇ ನಿಂತಿದ್ದಳು. ಹುಡುಗಿ ಗೋಡೆಯತ್ತ ಸರಿದು ಜಾಗ ಮಾಡಿಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ, ಮಿಸ್ ಬಂದು ಕೂತರೇನೋ ಎಂದು, ಪಕ್ಕದಲ್ಲಿ ಚಾಪೆಯ ಮೇಲೆ ಮೆಲ್ಲಗೆ ಕೈಯಾಡಿಸಿದಳು.