ನಿನ್ನೆಯ ಊಟ

"ಊಟ ಆಗೇದ್ರಿ ನಮ್ದು. ನಿಮ್ದು ಆತೇನ್ರಿ ಬಾಯಾರ?"

ಶೆಡ್ಡಿನ ಬಾಗಿಲಲ್ಲಿ ಸಮೀಕ್ಷೆಗೆ ಬಂದವಳನ್ನು ಗೋಣಿಚೀಲ ಹಾಸಿ ಕೂರಿಸಿದ್ದ ಅವ್ವಮ್ಮ ಹೀಗೆ ಕೇಳಿದ್ದೇ ತಡ, ಮುಕ್ತಾಳ ಬಾಯಿಂದ ತಾನಾಗಿಯೇ ಬಂತು: "ಆತು ಯವ್ವಾ, ಹೊಟ್ಟಿ ತುಂಬೇದ." ಎಲ್ಲಿಯ ಊಟ! ಮುಂಜಾನೆ ತನ್ನ ಮನೆಯಿರುವ ಕೋಥರೂಡದಲ್ಲಿ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಒಂದು ಕಪ್ ಚಹಾ ಕುಡಿದದ್ದು ಬಿಟ್ಟರೆ ಏನೂ ಇಲ್ಲ. ಬುತ್ತಿ ಚೀಲದಲ್ಲೇ ಇತ್ತು. ಆದರೆ ಆಗಿಲ್ಲ ಅಂದರೆ ಕೇಳಿದವರು ಎದ್ದು ಒಲೆ ಹಚ್ಚಬೇಕು. ಮಂದಿಯನ್ನು ಹಾಗೆ ಪೇಚಿಗೆ ಸಿಕ್ಕಿಸುವುದುಂಟೆ? ಧಾರವಾಡದ ಮನೆಯಲ್ಲಿ ಅವಳು ಕಲಿತ ಮೊದಲ ಮರ್ಯಾದೆಯೇ ಅದು.

ಹೇಳಿ ಮುಗಿಸುತ್ತಲೇ ಅವಳಿಗೆ ಹೊಳೆಯಿತು: ಮುಂಜಾನೆಯಿಂದ ಮಂದಿಯೂ ತನಗೆ ಹೀಗೇ ಹೇಳಿರಬೇಕು.

ಏಷ್ಯಾದ ಯಾವ ದೇಶದ ಜನ ಎಷ್ಟು ನೆಮ್ಮದಿಯಿಂದಿದ್ದಾರೆ ಎಂದು ಹೋಲಿಸಿ ನೋಡುವ ಸಮೀಕ್ಷೆ ಅದು. ಕನ್ನಡ ಬಲ್ಲವಳೆಂದು ಮರಾಠಿ ಸೀಮೆಯ ಹಿಂಜವಾಡಿಗೆ ದುಡಿಯಲು ಬಂದ ಈ ಕನ್ನಡದ ಕಟ್ಟಡ ಕೆಲಸಗಾರರ ಶೆಡ್ಡುಗಳನ್ನು ಅವಳಿಗೇ ಒಪ್ಪಿಸಿದ್ದರು. ನಿನ್ನೆ ಹಸಿದು ಮಲಗಿದ್ದಿರಾ ಎಂಬುದು ಮೊದಲ ಪ್ರಶ್ನೆ. ದೊಡ್ಡವರನ್ನು ಹಾಗೆ ಮುಖಕ್ಕೆ ಹೊಡೆದಂತೆ ಹೇಗೆ ಕೇಳುವುದೆಂದು ಅವಳು ಅದನ್ನು ನಯ ಮಾಡಿ, "ಊಟ ಆಗೇದಲ್ರಿ?" ಎಂದು ಕೇಳುತ್ತ ಬಂದಿದ್ದಳು. ಮುಂಜಾನೆಯಿಂದ ಎಲ್ಲರದೂ ಒಂದೇ ಉತ್ತರ. ಇಡೀ ಶೆಡ್ಡುಗಳಲ್ಲಿ ಹಸಿದವರೇ ಇಲ್ಲ! ಸಂಜೆ ಈ ಉತ್ತರಗಳು ಹೀಗೇ ಕಚೇರಿಗೆ ಹೋದವೆಂದರೆ ಮುಗಿಯಿತು, ಈ ಮಂದಿಯ ಹಸಿವಿನತ್ತ ಇನ್ನು ಯಾರೂ ತಿರುಗಿ ನೋಡುವುದಿಲ್ಲ. ಎಂಥ ಕೆಲಸ ಮಾಡಿದೆನಪ್ಪಾ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಒಳಗೆ ಇಣುಕಿದಳು. ತಣ್ಣಗಾದ ಒಲೆಯಲ್ಲಿ ಬೆಕ್ಕು ಮಲಗಿತ್ತು.

"ಯವ್ವಾ, ನಾ ಸುಳ್ಳ ಹೇಳಿದೆ. ನಂದೂ ಊಟ ಆಗಿಲ್ಲ." ಮುಕ್ತಾ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ನಡುವೆ ಇಟ್ಟಳು. "ಈಗ ನೀವೂ ಖರೇ ಹೇಳ್ರಿ. ನಿನ್ನಿ ಏನ್ ಉಂಡ್ರಿ?"

ಅವ್ವಮ್ಮ ಸೆರಗು ಸರಿಮಾಡಿಕೊಂಡಳು.

"ಮಗಗ ಕೆಲಸ ನಿಂತದರಿ. ನಿನ್ನಿ ಬರೇ ನೀರ ಕುಡದ ಮಲಗೀವಿ." ಅಂದವಳೇ ಮುಕ್ತಾಳ ಕೈ ಗಟ್ಟಿಯಾಗಿ ಹಿಡಿದಳು. "ನನ್ನ ಹೆಸರ ಬರೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಊರಾಗ ಗೊತ್ತಾದ್ರ ಮಾನ ಹೋಗ್ತದ."

"ಯಾರ ಹೆಸರೂ ಇರೂದಿಲ್ಲ ಯವ್ವಾ. ಬರೇ ದೇಶದ ಹೆಸರ ಇರ್ತದ. ಎಲ್ಲಾ ದೇಶ ಸಾಲಾಗಿ ಇಟ್ಟು, ಯಾವ ದೇಶದಾಗ ಎಷ್ಟು ಮಂದಿ ಹಸದಾರ ಅಂತ ನೋಡ್ತಾರ."

ಅವ್ವಮ್ಮನ ಮುಖ ಇನ್ನಷ್ಟು ಸಣ್ಣದಾಯಿತು. "ಹಂಗಾದ್ರ ಬ್ಯಾಡ ಬಿಡ್ರಿ ಬಾಯಾರ. ನನ್ನ ಸಂಬಂಧ ದೇಶದ ಮಾನ ಯಾಕ ಹೋಗಬೇಕು?"

ಮುಕ್ತಾ ತಲೆ ತಗ್ಗಿಸಿ, ಹಸಿದು ಮಲಗಿದ್ದರು ಎಂದೇ ಬರೆದಳು. ಇನ್ನು ಮೊದಲಿನ ಶೆಡ್ಡಿನಿಂದ ಮತ್ತೆ ಎಲ್ಲರನ್ನೂ ಕೇಳಬೇಕು.

ಅವ್ವಮ್ಮ ರೊಟ್ಟಿ ಮುರಿದು, ದೊಡ್ಡ ತುಂಡನ್ನು ಮಗನಿಗೆಂದು ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ತಗಡಿನ ಗೋಡೆಯತ್ತ ಮುಖ ತಿರುಗಿಸಿ ಕೂತು, ಉಳಿದದ್ದನ್ನು ಸಪ್ಪಳಾಗದಂತೆ ಅಗಿಯತೊಡಗಿದಳು.