ಪಾಳು ಎಂದು ಬರೆದ ಜೌಗು

ನಗರ ಯೋಜನಾ ಕಚೇರಿಯಲ್ಲಿ ನಕ್ಷೆ ಬಿಡಿಸುವುದರಲ್ಲಿ ಅವಳದು ಹದಿನಾಲ್ಕು ವರ್ಷ ಪಳಗಿದ ಕೈ. ಹಾಗಾಗಿ ಊರಾಚೆಯ ಜೌಗಿನ ಹೊಸ ನಕ್ಷೆ ಅವಳ ಮೇಜಿಗೇ ಬಂತು. ಅಲ್ಲಿ ಬಡಾವಣೆ ಏಳುವುದಿತ್ತು. ಸಾಹೇಬರು ಬೆರಳಿಟ್ಟು ತೋರಿಸಿದರು: "ನೀರು, ಆಪು ಹುಲ್ಲು ಏನೂ ಬೇಡಮ್ಮ. ಪಾಳು ಭೂಮಿ ಅಂತ ಬರೆದುಬಿಡು."

ಬರೆದಳು.

ಮನೆಯಲ್ಲಿ ಅವಳ ಅತ್ತೆ ಅದೇ ಜೌಗು ಉಳಿಸಲು ಟೊಂಕ ಕಟ್ಟಿ ನಿಂತಿದ್ದರು. ಹೊಲಿಗೆ ಯಂತ್ರದ ಮುಂದೆ ಕೂತೇ ಓಣಿಯ ಹೆಂಗಸರನ್ನೆಲ್ಲ ಸೇರಿಸಿ ಸಂಘ ಕಟ್ಟಿದವರು. ಒಳಕೋಣೆಯಲ್ಲಿ ಅವಳ ಗಂಡ, ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ.

"ಈ ಆಕ್ಷೇಪಣೆಗೆ ನೀನೂ ಒಂದು ಸಹಿ ಹಾಕೇ," ಎಂದರು ಅತ್ತೆ.

"ಆಫೀಸಲ್ಲಿ ಗೊತ್ತಾದ್ರೆ ಕಷ್ಟ, ಅತ್ತೆ."

ನಕ್ಷೆಯ ವಿಷಯ ಬಾಯಿ ತನಕ ಬಂದು ಹಿಂದಕ್ಕೆ ಹೋಯಿತು.

ಅಹವಾಲು ಕೇಳುವ ದಿನ ಕಚೇರಿಯ ಸಭಾಂಗಣದಲ್ಲಿ ಇಪ್ಪತ್ತು ಹೆಂಗಸರು ಕೂತಿದ್ದರು. ಅತ್ತೆ ಎದ್ದು ಕೇಳಿದರು: "ಈ ನಕ್ಷೆ ಬರೆದವರು ಆ ಕಡೆ ಕಾಲಾದ್ರೂ ಇಟ್ಟಿದ್ದಾರಾ?"

"ಇಲ್ಲೇ ಇದ್ದಾರೆ, ಅವರನ್ನೇ ಕೇಳಿ," ಎಂದು ಸಾಹೇಬರು ಗೋಡೆಗೆ ಒರಗಿ ನಿಂತಿದ್ದ ಸೊಸೆಯತ್ತ ತಿರುಗಿದರು.

ಹಿಂದಿನ ತಿಂಗಳಷ್ಟೇ ಅವಳು ಇದೇ ಹೆಂಗಸರ ಜೊತೆ ಮೊಣಕಾಲು ಮುಳುಗುವ ನೀರಲ್ಲಿ ನಿಂತು ಹಕ್ಕಿಗೂಡು ಎಣಿಸಿದ್ದಳು.

"ನಾನು ಜಾಗ ನೋಡಿಲ್ಲ. ಕೊಟ್ಟ ಅಳತೆ ನೋಡ್ಕೊಂಡು ಬರೆದಿದ್ದೀನಿ. ಅದರಲ್ಲಿ ನೀರಿನ ಗುರುತು ಇರಲಿಲ್ಲ."

ಹೆಂಗಸರು ಮುಖ ಮುಖ ನೋಡಿಕೊಂಡರು. ಅತ್ತೆಯ ಪಕ್ಕದಲ್ಲಿದ್ದ ಆಸ್ಪತ್ರೆಯ ನರ್ಸಮ್ಮ, "ಸುಳ್ಳು..." ಎನ್ನುತ್ತ ಏಳಹೋದಳು. ಅತ್ತೆ ಅವಳ ಮಣಿಕಟ್ಟು ಹಿಡಿದು ಕೂರಿಸಿದರು. ಅಳತೆಯಲ್ಲಿ ನೀರಿಲ್ಲ ಎಂದು ಸಾಹೇಬರು ಬರೆದುಕೊಂಡರು. ಆಕ್ಷೇಪಣೆಯನ್ನು ತಳ್ಳಿಹಾಕಿದರು.

ಸಂಜೆ ಸೊಸೆ ಅಡುಗೆಮನೆಯ ಬಾಗಿಲಲ್ಲೇ ನಿಂತಳು. "ಬೈದುಬಿಡಿ ಅತ್ತೆ."

"ಯಾವ ಬಾಯಲ್ಲಿ ಬೈಲಿ? ನಿನ್ನ ಕೆಲಸ ಹೋದ್ರೆ ಅವನ ಔಷಧಿಗೆ ಏನು ಮಾಡೋದು ಅಂತ ನಾನೇ ಅವಳನ್ನ ಕೂರಿಸಿದೆ." ಅತ್ತೆ ಒಲೆಯ ಕಡೆ ತಿರುಗಿದರು. "ನೀನು ಆಡಿದ್ದು ಒಂದು ಸುಳ್ಳು. ನಾನು ಮುರಿದಿದ್ದು ಅಷ್ಟೂ ಹೆಂಗಸರ ನಂಬಿಕೆ ಕಣೇ."

ಆ ವಾರವೇ ನರ್ಸಮ್ಮ ಸಂಘದ ಕಾಗದಪತ್ರಗಳನ್ನೆಲ್ಲ ಒಯ್ದು ಕೋರ್ಟಿಗೆ ಅರ್ಜಿ ಹಾಕಿದಳು. ಅತ್ತೆ ಸೊಸೆ ಇಬ್ಬರನ್ನೂ ಸಂಘದವರು ಯಾರೂ ಕರೆಯಲಿಲ್ಲ. ಸೋಮವಾರ ಸಾಹೇಬರು ಅದೇ ಜೌಗನ್ನು ಸೈಟುಗಳಾಗಿ ವಿಂಗಡಿಸುವ ಹಾಳೆ ಹಾಸಿ, "ಸಂಜೆಯೊಳಗೆ ಆಗ್ಬೇಕು," ಎಂದರು.

ಅವಳು ಪೆನ್ಸಿಲ್ ಚೂಪು ಮಾಡಿದಳು. ಮೊನೆ ಮುರಿಯಿತು. ಮತ್ತೆ ಚೂಪು ಮಾಡಿದಳು.