ಕಾಲು ನೆಲದ ಮೇಲಿರಬೇಕು

೨೦೦೯ನೇ ಇಸವಿ ಏಪ್ರಿಲ್ ೧೩, ಸೋಮವಾರ, ಬೆಳಿಗ್ಗೆ ಹತ್ತೂವರೆಗೆ ನನ್ನ ಕೊನೆಯ ಮೊಳೆ ಇಳಿಯಿತು. ಅಲ್ಲಿಯವರೆಗೆ ನಾನು ಐದು ಹಲಗೆಗಳಾಗಿದ್ದೆ. ಆಮೇಲೆ ಒಂದು ಪೆಟ್ಟಿಗೆಯಾದೆ. ಮೇಲೊಂದು ಹಲಗೆ, ಸುತ್ತ ನಾಲ್ಕು, ಅಡಿಯಲ್ಲಿ ಏನೂ ಇಲ್ಲ. ಒಳಗೆ ಯಾವುದನ್ನೂ ಇಡಲು ಬರುವುದಿಲ್ಲ. ನನ್ನ ಮೇಲೆ ನಿಲ್ಲಬಹುದು, ಅಷ್ಟೆ.

ನನ್ನ ಮರ ಈ ನಾಡಿನದಲ್ಲ. ಬಾಗಲಕೋಟೆ ಜಿಲ್ಲೆಯ ಒಂದು ಸಿಮೆಂಟ್ ಕಾರ್ಖಾನೆಗೆ ಹೊರದೇಶದಿಂದ ಯಂತ್ರವೊಂದು ಬಂದಾಗ, ಅದಕ್ಕೆ ಪೆಟ್ಟು ಬೀಳದಂತೆ ಸುತ್ತಲೂ ಹೊಡೆದಿದ್ದ ಪೈನ್ ಹಲಗೆಗಳಲ್ಲಿ ನಾನಿದ್ದೆ. ಯಂತ್ರವನ್ನು ಒಳಗೆ ಒಯ್ದರು. ನಮ್ಮನ್ನು ಕಾಂಪೌಂಡ್ ಗೋಡೆಗೆ ಒರಗಿಸಿದರು. ಬಿಸಿಲಿಗೆ ಬಿರುಕು ಬಿಡುತ್ತ, ದೂಳು ಮೆತ್ತಿಸಿಕೊಳ್ಳುತ್ತ ಅಲ್ಲೇ ನಿಂತಿದ್ದೆವು. ಅಲ್ಲಿಂದ ನನ್ನನ್ನು ಎತ್ತಿ ತಂದವನು ಕಾರ್ಖಾನೆಯ ಬಡಗಿ ಮೌನೇಶ ಬಡಿಗೇರ. ತರಿಸಿದವರು ಕಾರ್ಖಾನೆಯ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದ ಮಾಧವರಾವ್ ಇನಾಮದಾರ. ಕಾಲನಿಯ ಮಕ್ಕಳಿಗೆಲ್ಲ ಅವರು ಇನಾಮದಾರ ಕಾಕಾ.

ಕಾಕಾಗೆ ಹೆಂಡತಿ ಇರಲಿಲ್ಲ; ಸ್ನೂಕರ್ ಇತ್ತು. ಕಾಲನಿಯ ಕ್ಲಬ್ಬಿನಲ್ಲಿ ಒಂದು ದೊಡ್ಡ ಸ್ನೂಕರ್ ಟೇಬಲ್. ಅದರ ಮೇಲೆ ಸಾಹೇಬರು ಕೋಟು ಬಿಚ್ಚಿಡುತ್ತಿದ್ದರು, ಪೇಪರ್ ಹರಡುತ್ತಿದ್ದರು. ಆಡುವವರು ಇಬ್ಬರೋ ಮೂವರೋ. ಆ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆಂದು ಕಾಕಾ ಹೊರಟರು. ಮೊದಲ ದಿನವೇ ತೊಡಕು ಗೊತ್ತಾಯಿತು. ಟೇಬಲ್ಲಿನ ಅಂಚು ಚಿಕ್ಕ ಮಕ್ಕಳ ಗದ್ದಕ್ಕೆ ಬರುತ್ತಿತ್ತು.

"ಎಷ್ಟ ಎತ್ರ ಬೇಕ್ರಿ ಸಾಹೇಬ್ರ?" ಎಂದು ಮೌನೇಶ ಕೇಳಿದ.

"ಎಲ್ಲಾರಕಿಂತ ಗಿಡ್ಡ ಇದ್ದ ಹುಡುಗನ್ನ ನಿಲ್ಲಿಸೋಣು. ಅವನ ಮೊಣಕೈ ಟೇಬಲ್ ಮ್ಯಾಲೆ ಬರಬೇಕು. ಅಷ್ಟಾದ್ರ ಸಾಕು."

"ನನ್ನ ಮಗಳ ಅದಾಳ್ರಿ. ಆಕಿಗಿಂತ ಗಿಡ್ಡ ಈ ಕಾಲನ್ಯಾಗ ಯಾರೂ ಇಲ್ಲ. ನೆರಳೂ ಗಿಡ್ಡ ಬೀಳತೈತ್ರಿ ಆಕೀದು."

ಹೀಗೆ ಒಂಬತ್ತು ವರ್ಷದ ಇಂದುಮತಿ ಕ್ಲಬ್ಬಿನ ಬಾಗಿಲು ದಾಟಿ ಬಂದಳು. ಸಾಹೇಬರ ಮಕ್ಕಳ ಶಿಬಿರಕ್ಕೆ ಅವಳನ್ನು ಯಾರೂ ಕರೆದಿರಲಿಲ್ಲ. ಅವಳು ಬಂದದ್ದು ನನ್ನ ಅಳತೆಗೆ. ಅಪ್ಪ ಅಳೆದ, ಕೊಯ್ದ, ಮೊಳೆ ಹೊಡೆದ. ನೆಲಕ್ಕೆ ಗೀರು ಬೀಳಬಾರದೆಂದು ಟೇಬಲ್ಲಿಂದ ತೆಗೆದ ಹಳೆಯ ಹಸಿರು ಉಣ್ಣೆಬಟ್ಟೆಯ ಚೂರುಗಳನ್ನು ನನ್ನ ನಾಲ್ಕು ಮೂಲೆಗಳ ಅಡಿಗೆ ಅಂಟಿಸಿದ. ಅವಳು ಹತ್ತಿ ನಿಂತಳು. ಇಳಿಯಲಿಲ್ಲ. ಇಳಿ ಎಂದು ಕಾಕಾ ಕೂಡ ಹೇಳಲಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಸ್ನೂಕರ್ ಟೇಬಲ್ಲಿನ ಮೇಲ್ಭಾಗವನ್ನು ನಾನು ಎಂದೂ ನೋಡಿಲ್ಲ. ನನಗೆ ಕಂಡದ್ದು ಅದರ ಎಂಟು ಕಾಲು, ಹೊಟ್ಟೆಯ ಅಡಿಯ ತೊಲೆಗಳು, ಮಕ್ಕಳ ಹಿಮ್ಮಡಿ. ಆಟವನ್ನು ನಾನು ಕಿವಿಯಿಂದ ಕಲಿತೆ. ಚೆಂಡಿಗೆ ಚೆಂಡು ತಾಗಿದರೆ ಒಂದು ಸದ್ದು, ರಬ್ಬರಿನ ಅಂಚಿಗೆ ತಾಗಿದರೆ ಇನ್ನೊಂದು, ಪಾಕೆಟ್ಟಿಗೆ ಬಿದ್ದರೆ ಮತ್ತೊಂದು. ಉಳಿದದ್ದನ್ನು ಭಾರದಿಂದ ಕಲಿತೆ. ಹೊಡೆಯುವ ಮೊದಲು ಪ್ರತಿ ಮಗುವಿನ ಭಾರವೂ ನನ್ನ ಮೇಲೆ ಅತ್ತಿತ್ತ ಅಲುಗುತ್ತಿತ್ತು. ಇಂದುಮತಿಯ ಭಾರ ಅಲುಗುತ್ತಿರಲಿಲ್ಲ. ಉಸಿರು ಬಿಟ್ಟು, ನಿಂತು, ಹೊಡೆಯುತ್ತಿದ್ದಳು. ಆಮೇಲೆ ಪಾಕೆಟ್ಟಿನ ಸದ್ದು.

ಕಾಕಾ ಚೆನ್ನಾಗಿ ಕಲಿಸುತ್ತಿದ್ದರು. ಹದಿನೈದು ಕೆಂಪು ಚೆಂಡು, ಒಂದೊಂದಕ್ಕೂ ಒಂದು ಅಂಕ. ಕೆಂಪು ಹಾಕಿದ ಮೇಲೆ ಒಂದು ಬಣ್ಣದ ಚೆಂಡು. ಹಳದಿಗೆ ಎರಡರಿಂದ ಶುರುವಾಗಿ ಕಪ್ಪಿಗೆ ಏಳು. ಹೊಡೆಯುವುದು ಮಾತ್ರ ಯಾವಾಗಲೂ ಬಿಳಿಯ ಚೆಂಡನ್ನೇ.

"ಬಿಳೀದು ಪೋಸ್ಟ್‌ಮ್ಯಾನ್ ಇದ್ದಂಗ," ಎನ್ನುತ್ತಿದ್ದರು. "ಮನೀಗೆ ಪತ್ರ ಮುಟ್ಟಸ್ತಾನ. ತಾ ಒಳಗ ಹೋಗೂದಿಲ್ಲ."

"ಹ್ವಾದ್ರ ಕಾಕಾ?"

"ಹ್ವಾದ್ರ ನಾಕು ಅಂಕ ದಂಡ."

"ಚಾ ಕೊಟ್ಟು ಕರದ್ರೂ ಹೋಗಬಾರದೇನ್ರಿ?" ಎಂದು ಇಂದುಮತಿ ಕೇಳಿದಳು. ಕಾಕಾ ನಕ್ಕರು. ಅವರ ನಗುವಿಗೆ ನೆಲವೂ ಸ್ವಲ್ಪ ನಡುಗುತ್ತಿತ್ತು.

ರಜೆ ಮುಗಿಯಿತು. ಒಬ್ಬೊಬ್ಬರಾಗಿ ಮಕ್ಕಳು ಬಿಟ್ಟುಹೋದರು. ಇಂದುಮತಿ ಶಾಲೆ ಬಿಟ್ಟ ಮೇಲೆ ದಿನವೂ ಬಂದಳು. ಎಡಗಾಲಿನಿಂದ ನನ್ನನ್ನು ತಳ್ಳಿಕೊಂಡೇ ಟೇಬಲ್ ಸುತ್ತುತ್ತಿದ್ದಳು. ಎಲ್ಲಿ ನಿಲ್ಲಬೇಕೋ ಅಲ್ಲಿಗೆ ತಳ್ಳಿ, ಹತ್ತಿ, ಹೊಡೆದು, ಇಳಿದು, ಮತ್ತೆ ತಳ್ಳುತ್ತಿದ್ದಳು. ದೂರದ ಚೆಂಡಿಗೆ ಕ್ಯೂ, ಅಂದರೆ ಹೊಡೆಯುವ ಕೋಲನ್ನು ಊರಿ ಹೊಡೆಯಲೆಂದು ಇನ್ನೊಂದು ಉದ್ದ ಕೋಲು ಇರುತ್ತದೆ, ತುದಿಯಲ್ಲಿ ಹಿತ್ತಾಳೆಯ ಅಡ್ಡಪಟ್ಟಿ. ಅದಕ್ಕೆ ರೆಸ್ಟ್ ಎನ್ನುತ್ತಾರೆ. ಅದು ಗೋಡೆಯ ಮೊಳೆಗೆ ತೂಗಿಕೊಂಡೇ ಇತ್ತು. ನಾನಿರುವಾಗ ಅದೇಕೆ ಎಂದು ಕಾಕಾ ಅಂದುಕೊಂಡಿರಬೇಕು. ನಾನೂ ಹಾಗೇ ಅಂದುಕೊಂಡೆ. ನನಗೆ ಆಗ ಸ್ವಲ್ಪ ಹೆಮ್ಮೆಯೂ ಇತ್ತು.

ಮರುವರ್ಷ ನವೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಹನ್ನೆರಡು ವರ್ಷದ ಒಳಗಿನವರ ಸ್ಪರ್ಧೆ. ಮೊದಲ ಇಬ್ಬರಿಗೆ ಬೆಂಗಳೂರಿನ ತರಬೇತಿ ಶಿಬಿರದಲ್ಲಿ ಜಾಗ. ಅಲ್ಲಿ ಜಾಗ ಸಿಕ್ಕರೆ ಇಂದುಮತಿಗೆ ಆಟ ಮುಂದೆ ಸಾಗುತ್ತದೆ. ಇಲ್ಲದಿದ್ದರೆ ಕಾಲನಿಯ ಕ್ಲಬ್ಬಿನ ಆಚೆ ಅವಳಿಗೆ ಟೇಬಲ್ಲೇ ಇಲ್ಲ. ಇದು ಮೂವರಿಗೂ ಗೊತ್ತಿತ್ತು. ಬಸ್ಸಿನ ಮೇಲೆ ನನ್ನನ್ನು ಹಗ್ಗದಿಂದ ಕಟ್ಟಿದರು. ಮೌನೇಶ ಗಂಟನ್ನು ಎರಡು ಸಲ ಎಳೆದು ನೋಡಿದ.

ಸ್ಪರ್ಧೆಯ ಹಾಲ್ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಇಂದುಮತಿ ನನ್ನನ್ನು ಟೇಬಲ್ಲಿನ ಬಳಿಗೆ ತಳ್ಳಿದ ಕೂಡಲೇ ಕಪ್ಪು ಬೂಟಿನ ಎರಡು ಕಾಲುಗಳು ಬಂದು ನಿಂತವು. ರೆಫರಿ, ಇನ್ನೂ ಹುಡುಗ.

"ಪೆಟಗಿ ಬ್ಯಾಡ್ರಿ ಸರ್. ಹೊಡಿವಾಗ ಒಂದರ ಕಾಲು ನೆಲದ ಮ್ಯಾಲ ಇರಬೇಕು. ಇಲ್ಲಂದ್ರ ಫೌಲ್ ಆಕೈತಿ."

ಕಾಕಾಗೆ ಈ ನಿಯಮ ಗೊತ್ತಿತ್ತು. ಅದನ್ನು ಅವರು ತಮ್ಮದೇ ತರ್ಕದಿಂದ ಓದಿಕೊಂಡಿದ್ದರು. "ಕಾಲು ಪೆಟಗಿ ಮ್ಯಾಲೆ ಅದ. ಪೆಟಗಿ ನೆಲದ ಮ್ಯಾಲೆ ಅದ. ಅಂದ ಮ್ಯಾಲೆ ಕಾಲು ನೆಲದ ಮ್ಯಾಲೇ ಆತಲ್ಲ?"

"ಹಂಗ ಬರೂದಿಲ್ರಿ."

"ಯಾಕ ಬರೂದಿಲ್ಲ? ನಾವು ನಿಂತದ್ದು ಬೇಕರಿ ಮಾಳಗಿ ಮ್ಯಾಲೆ. ಇದು ನೆಲ ಆಗತದ, ನನ್ನ ಪೆಟಗಿ ಆಗೂದಿಲ್ಲ?"

ಸುತ್ತ ಕುಳಿತವರು ಗೊಳ್ಳೆಂದು ನಕ್ಕರು. ರೆಫರಿಯೂ ನಕ್ಕ. ಆಮೇಲೆ ದನಿ ತಗ್ಗಿಸಿ, "ಕಾಕಾ, ರೂಲ್ ಬರದಾಂವ ನಾ ಅಲ್ರಿ. ರೆಸ್ಟ್ ಐತಲ್ಲ, ಅದ್ರಾಗ ಆಡಲಿ," ಎಂದ. ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ನನ್ನನ್ನು ಅವನೇ ಎತ್ತಿ ಗೋಡೆಯ ಬದಿಯ ಕುರ್ಚಿಯ ಕೆಳಗೆ ಇಟ್ಟ.

ಅಲ್ಲಿಂದ, ಮೊದಲ ಸಲ, ಇಂದುಮತಿಯ ಕಾಲುಗಳನ್ನು ದೂರದಿಂದ ನೋಡಿದೆ. ಅಲ್ಲಿಯವರೆಗೆ ಅವು ನನ್ನ ಮೇಲೇ ಇರುತ್ತಿದ್ದವು. ಅವಳು ತುದಿಗಾಲಲ್ಲಿ ನಿಂತಿದ್ದಳು. ಎದುರಾಳಿ ಹುಡುಗ ಕ್ಯೂ ತುದಿಗೆ ಚಾಕ್ ಉಜ್ಜುತ್ತ, "ಏ ಗಿಡ್ಡಿ, ಏಣಿ ತರಸ್ಲೇನ?" ಎಂದ. ಕೈಗೆ ಕೊಟ್ಟ ರೆಸ್ಟ್ ಅನ್ನು ಯಾವ ಕೈಯಲ್ಲಿ ಹಿಡಿಯಬೇಕೆಂದು ಅವಳಿಗೆ ತಿಳಿಯಲಿಲ್ಲ. ಕ್ಯೂ ಜಾರಿ 'ಟಿಕ್' ಎಂದಿತು. ಕ್ಲಬ್ಬಿನಲ್ಲಿ ಅವಳಿಂದ ಎಂದೂ ಕೇಳದ ಸದ್ದು. ಕುರ್ಚಿಯ ಮೇಲೆ ಕುಳಿತಿದ್ದ ಕಾಕಾರ ಹಿಮ್ಮಡಿಗಳು ನನ್ನ ಪಕ್ಕದಲ್ಲೇ ಇದ್ದವು. ಅವು ಒಂದನ್ನೊಂದು ಒತ್ತಿಕೊಂಡವು.

ಆದರೂ ಅವಳು ಬಿಡಲಿಲ್ಲ. ಹತ್ತಿರದ ಚೆಂಡುಗಳನ್ನು ತುದಿಗಾಲಲ್ಲೇ ಒಂದೊಂದಾಗಿ ಹಾಕಿದಳು. ಅಂಕಗಳ ಅಂತರ ಕಡಿಮೆಯಾಗುತ್ತ ಬಂತು; ಪಾಕೆಟ್ಟಿನ ಸದ್ದುಗಳಿಂದ ನಾನೂ ಲೆಕ್ಕ ಹಿಡಿದಿದ್ದೆ. ಕೊನೆಗೆ ಕಪ್ಪು ಚೆಂಡೊಂದೇ ಉಳಿಯಿತು. ಅದನ್ನು ಹಾಕಿದರೆ ಗೆಲುವು. ಆದರೆ ಬಿಳಿಯ ಚೆಂಡು ಅವಳ ಕೈಗೆ ಎಟುಕದಂತೆ ಟೇಬಲ್ಲಿನ ನಟ್ಟನಡುವೆ ನಿಂತಿದೆ ಎಂದು ಪಕ್ಕದ ಕುರ್ಚಿಯವರು ಪಿಸುಗುಟ್ಟಿದರು.

ರೆಸ್ಟ್ ಗೋಡೆಗೆ ಒರಗಿತ್ತು. ಅವಳು ಅದರತ್ತ ಹೋಗಿ ಹಿಂದೆ ಬಂದಳು. ಟೇಬಲ್ಲಿನ ಮೇಲೆ ಹೊಟ್ಟೆಯೂರಿ ಮೈ ಚಾಚಿದಳು. ಎಡಗಾಲು ಮೊದಲೇ ಗಾಳಿಯಲ್ಲಿತ್ತು. ಬಲಗಾಲಿನ ಹೆಬ್ಬೆರಳು ನೆಲಕ್ಕೆ ಅಂಟಿಕೊಂಡಿತ್ತು. ಅದರ ಉಗುರು ಬೆಳ್ಳಗಾಗಿತ್ತು. ಮೇಲೆ ಚೆಂಡುಗಳು ತಾಗಿದ ಸದ್ದು, ನನಗೆ ಚೆನ್ನಾಗಿ ಗುರುತಿದ್ದ ಸರಿಯಾದ ಸದ್ದು. ಕಪ್ಪು ಚೆಂಡು ಪಾಕೆಟ್ಟಿಗೆ ಬಿತ್ತು. ಆದರೆ ಅದಕ್ಕೂ ಮುಂಚೆ, ಕ್ಯೂ ಬಿಳಿಯ ಚೆಂಡನ್ನು ಮುಟ್ಟುವ ಕ್ಷಣದಲ್ಲಿ, ಹೆಬ್ಬೆರಳು ನೆಲ ಬಿಟ್ಟದ್ದನ್ನು ನಾನು ನೋಡಿದೆ. ರೆಫರಿಯೂ ಬಗ್ಗಿ ನೋಡಿದ್ದ.

"ಫೌಲ್," ಎಂದ. ಹೇಳಲು ಅವನಿಗೂ ಮನಸ್ಸಿರಲಿಲ್ಲ. ಕಪ್ಪು ಚೆಂಡೊಂದೇ ಉಳಿದಾಗ ಫೌಲ್ ಆದರೆ ಅಲ್ಲಿಗೆ ಆಟ ಮುಗಿಯುತ್ತದೆ. ಮುಗಿಯಿತು.

ಬಸ್ ನಿಲ್ದಾಣದಲ್ಲಿ ಇಂದುಮತಿ ನನ್ನ ಮೇಲೆ ಕುಳಿತಿದ್ದಳು. ಅಳಲಿಲ್ಲ. ಕಾಕಾ ಎದುರಿಗೆ ಕುಕ್ಕರಗಾಲಲ್ಲಿ ಕುಳಿತರು.

"ತಪ್ಪು ನಂದು ಅವ್ವಿ. ನಿನ್ನ ಕೈಗೆ ರೆಸ್ಟ್ ಕೊಡಲೇ ಇಲ್ಲ ನಾ."

"ನಾ ಯಾವಾಗ ಬೆಳೀತೀನ್ರಿ ಕಾಕಾ?"

"ಬೆಳೀತಿ. ಈ ಪೆಟಗಿ ಎಷ್ಟು ಎತ್ತರ ಅದ, ಅಷ್ಟು ಬೆಳದು ಬಾ. ಟೇಬಲ್ ಒಂದು ಟನ್‌ಕಿಂತ ಭಾರ ಅದ. ಅದೇನು ಓಡಿ ಹೋಗೂದಿಲ್ಲ."

ಮೌನೇಶ ಆಗ ಟಿಕೆಟ್ಟಿನ ಸಾಲಿನಲ್ಲಿದ್ದ. ಈ ಮಾತನ್ನು ಅವನು ಕೇಳಿಸಿಕೊಳ್ಳಲಿಲ್ಲ. ಮುಂದಿನದೆಲ್ಲ ಇದರಿಂದಲೇ ಆಯಿತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅಂದಿನಿಂದ ಅವಳು ಕ್ಲಬ್ಬಿಗೆ ಬರಲಿಲ್ಲ, ಅದರ ದಾರಿಯನ್ನೂ ಹಿಡಿಯಲಿಲ್ಲ. ನನ್ನನ್ನು ಹಾಲಿನ ಮೂಲೆಗೆ ಸರಿಸಿದರು. ಕಾಕಾ ಕೆಲವು ಸಂಜೆ ಒಬ್ಬರೇ ಆಡಿದರು, ರೆಸ್ಟ್ ಹಿಡಿದು. ಆಮೇಲೆ ನಿವೃತ್ತರಾಗಿ ಮೀರಜಿನಲ್ಲಿದ್ದ ತಂಗಿಯ ಮನೆಗೆ ಹೊರಟುಹೋದರು. ಹೋಗುವಾಗ ನನ್ನ ಮೇಲೆ ಒಂದು ಕಾಲಿಟ್ಟು ಬೂಟಿನ ದಾರ ಕಟ್ಟಿಕೊಂಡರು. ನನಗೆ ಸಿಕ್ಕ ವಿದಾಯ ಅಷ್ಟೇ.

೨೦೧೩ರ ಬೇಸಿಗೆಯಲ್ಲಿ ಕ್ಲಬ್ ಹಾಲನ್ನು ಬಿಡಿಭಾಗಗಳ ಗೋದಾಮು ಮಾಡಬೇಕೆಂದು ಮೇಲಿಂದ ಆದೇಶ ಬಂತು. ಟೇಬಲ್ ಒಯ್ಯಲು ಸೊಲ್ಲಾಪುರದಿಂದ ಲಾರಿ ಬಂತು. ಬಿಚ್ಚಲು ಮೌನೇಶನನ್ನೇ ಕರೆದರು. ಅವನು ಮೊದಲು ಹಸಿರು ಬಟ್ಟೆಯನ್ನು ಸುಲಿದ. ಅಂಚುಗಳನ್ನು ಕಳಚಿದ. ಒಳಗಿನ ಐದು ಕಲ್ಲಿನ ಚಪ್ಪಡಿಗಳನ್ನು ಒಂದೊಂದಾಗಿ ಎಂಟು ಜನ ಹೊತ್ತು ಹೊರಗೆ ಸಾಗಿಸಿದರು. ಟನ್‌ಗಟ್ಟಲೆ ಭಾರದ್ದು ಮಧ್ಯಾಹ್ನದ ಊಟದೊಳಗೆ ಲಾರಿಯಲ್ಲಿತ್ತು. ನೆಲದ ಮೇಲೆ ಎಂಟು ಬಿಳಿಯ ಚೌಕಗಳು ಉಳಿದವು. ಮೌನೇಶ ಉಳಿಯನ್ನು ಒರೆಸಿಕೊಂಡ, ಸುತ್ತ ನೋಡಿದ, ನನ್ನನ್ನು ಹೆಗಲ ಮೇಲಿಟ್ಟುಕೊಂಡು ಮನೆಗೆ ನಡೆದ. ಮನೆಯಲ್ಲಿ, ಅಡುಗೆಮನೆಯಲ್ಲಿ ಕೊಡ ಇಡಲು ಪೆಟ್ಟಿಗೆಯೊಂದು ಸಿಕ್ಕಿತು ಎಂದಷ್ಟೇ ಹೇಳಿದ. ನನ್ನ ಮೇಲೆ ನೀರಿನ ಕೊಡ ಇಟ್ಟರು.

ಇಂದುಮತಿ ನನ್ನನ್ನು ನೋಡಿ ಏನೂ ಕೇಳಲಿಲ್ಲ. ನಾನು ಮನೆಗೆ ಬಂದದ್ದರಿಂದಲೇ ಅವಳಿಗೆ ತಿಳಿಯಬೇಕಿತ್ತು ಎಂದು ನೀವು ಅನ್ನಬಹುದು. ಆದರೆ ಅವಳು ಅಂದುಕೊಂಡದ್ದೇ ಬೇರೆ: ಇನ್ನು ಪೆಟ್ಟಿಗೆಯ ಅಗತ್ಯ ಯಾರಿಗೂ ಇಲ್ಲ, ಆದ್ದರಿಂದ ಕ್ಲಬ್ಬಿನವರು ಕೊಟ್ಟುಬಿಟ್ಟಿದ್ದಾರೆ.

ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಎರಡು ಪೆನ್ಸಿಲ್ ಗೀಟುಗಳಿದ್ದವು. ಕೆಳಗಿನದು ಹುಬ್ಬಳ್ಳಿಯಿಂದ ಬಂದ ರಾತ್ರಿ ಅವಳು ಹಾಕಿಕೊಂಡ ತನ್ನ ಎತ್ತರ. ಮೇಲಿನದು ಏನೆಂದು ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮೌನೇಶ ಅದು ತಾನೇ ಯಾವಾಗಲೋ ಹಾಕಿದ ಕೆಲಸದ ಗುರುತೆಂದು ತಿಳಿದಿದ್ದ.

ಸೆಪ್ಟೆಂಬರಿನ ಒಂದು ಭಾನುವಾರ ಅವಳು ಚೌಕಟ್ಟಿಗೆ ಬೆನ್ನು ಹಚ್ಚಿ, ನೆತ್ತಿಯ ಮೇಲೆ ಅಪ್ಪನ ಅಳತೆಪಟ್ಟಿ ಅಡ್ಡ ಹಿಡಿದು ನಿಂತಳು.

"ಅಪ್ಪಾ, ಬಾ ಇಲ್ಲೆ. ನೋಡು, ಮುಟ್ಟೇತಿ."

"ಏನ ಮುಟ್ಟೇತಿ?"

"ಮ್ಯಾಲಿನ ಗೀಟು. ಕಾಕಾ ಹೇಳಿದ್ರು, ಪೆಟಗಿಯಷ್ಟು ಬೆಳದು ಬಾ ಅಂತ. ಬೆಳದೀನಿ. ಕ್ಲಬ್ಬಿಗೆ ಹೋಗೂಣು ನಡಿ. ಈಗ ಎರಡೂ ಕಾಲು ನೆಲದ ಮ್ಯಾಲ ಇಟ್ಟ ಆಡ್ತೀನಿ."

ಮೌನೇಶ ಗೀಟನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಅವನು ಬಡಗಿ, ಅಳತೆ ಅವನಿಗೆ ಕಣ್ಣಿಗೇ ತಿಳಿಯುತ್ತದೆ.

"ಅದು ಇಲ್ಲವಾ."

"ಏನಿಲ್ಲ?"

"ಟೇಬಲ್. ಮಾರಿಬಿಟ್ರು. ಬಿಚ್ಚಿ ಕೊಟ್ಟಾಂವ ನಾನ."

ಅವಳು ಅಳತೆಪಟ್ಟಿಯನ್ನು ನೆತ್ತಿಯಿಂದ ಇಳಿಸಿ, "ನನಗ್ಯಾಕ ಹೇಳ್ಲಿಲ್ಲ?" ಎಂದಳು.

"ನೀ ಒಮ್ಮೇರ ಕೇಳಿದ್ಯೇನ? ಮೂರ ವರ್ಷ ಅದರ ಹೆಸರ ಎತ್ತಲಿಲ್ಲ ನೀ. ಮರತೀ ಅಂತ ತಿಳದ್ನೆವಾ. ಹೇಳಿ ಮತ್ತ ಯಾಕ ನೆನಪ ಮಾಡ್ಲಿ ಅಂತ..."

ಅವಳು ನನ್ನ ಮೇಲಿನ ಕೊಡವನ್ನು ಇಳಿಸಿದಳು. ನನ್ನನ್ನು ಬೋರಲು ಹಾಕಿದಳು. ನಾಲ್ಕು ಮೂಲೆಗಳ ಅಡಿಯಲ್ಲಿ ಹಸಿರು ಬಟ್ಟೆಯ ಚೂರುಗಳು ಇನ್ನೂ ಇದ್ದವು. ನೀರಿನಿಂದ ಕಪ್ಪಾಗಿ, ಎರಡು ಕಡೆ ನುಸಿ ತಿಂದಿದ್ದವು. ಬೆರಳಿನಿಂದ ಒಂದನ್ನು ಸವರಿದಳು. ನಂತರ ನನ್ನನ್ನು ನೆಟ್ಟಗೆ ಮಾಡಿ ಕೊಡವನ್ನು ಮತ್ತೆ ಇಟ್ಟಳು. ನನ್ನ ಮೇಲೆ ಹತ್ತಲಿಲ್ಲ. ಹತ್ತಿದ್ದರೆ ಅವಳ ಭಾರ ನನಗೆ ಗುರುತು ಸಿಗುತ್ತಿತ್ತೋ ಇಲ್ಲವೋ, ಈಗಲೂ ಗೊತ್ತಿಲ್ಲ.

ಬಹಳ ವರ್ಷ ಕಳೆದಿವೆ. ಇಂದುಮತಿ ಇಳಕಲ್ಲಿನಲ್ಲಿ ಔಷಧದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಮೇಲಿನ ಕಪಾಟಿಗೆ ಅಲ್ಲಿ ಏಣಿ ಇದೆಯಂತೆ. ಮೌನೇಶನ ಮನೆಯ ಗೋಡೆಗೆ ಎರಡು ಸಲ ಸುಣ್ಣವಾಗಿದೆ. ಚೌಕಟ್ಟಿಗೆ ಬಣ್ಣ ಹೊಡೆಯಲು ಬಂದವನನ್ನು ಮೌನೇಶ ಎರಡು ಸಲವೂ ತಡೆದ, ಕಾರಣ ಹೇಳಲಿಲ್ಲ. ನನ್ನ ಒಂದು ಬದಿಯ ಹಲಗೆಗೆ ಗೆದ್ದಲು ಹತ್ತಿದೆ. ಇಲ್ಲಿಂದ, ಕೊಡದ ಕೆಳಗಿನಿಂದ, ನನಗೆ ಕಾಣುವುದು ಆ ಚೌಕಟ್ಟು ಮಾತ್ರ. ನನ್ನನ್ನು ಯಾರ ಎತ್ತರಕ್ಕೆ ಮಾಡಿದರೋ ಅವಳಿಗೆ ನಾನು ಒಮ್ಮೆ ಬೇಕಾಗಿದ್ದೆ. ಬೇಕಾಗದಂತೆ ಬೆಳೆದು ನಿಂತಾಗ ಅವಳಿಗೆ ಏನೂ ಉಳಿದಿರಲಿಲ್ಲ. ಇದರಲ್ಲಿ ಯಾರ ಲೆಕ್ಕವೂ ತಪ್ಪಿಲ್ಲ. ಎರಡು ಗೀಟುಗಳ ನಡುವಿನ ಅಂತರ ಇಪ್ಪತ್ತೆರಡು ಸೆಂಟಿಮೀಟರ್, ಸರಿಯಾಗಿ ನನ್ನ ಎತ್ತರದಷ್ಟು.